ಎದೆನೋವು ಬಂದ ರಾತ್ರಿ ಮಣಿಪಾಲಕ್ಕೋ, ಶಿರಸಿಗೋ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪಯ್ಯ (69) ಮತ್ತು ಆಯಿ (63) ಶಿರಸಿಯಿಂದ ಸುಮಾರು 30 ಕಿ.ಮೀ. ದೂರದ, ಘಟ್ಟದ ಅಂಚಿನ ಹಳ್ಳಿಯಲ್ಲಿ ಇಬ್ಬರೇ ಇದ್ದಾರೆ. ಮನೆವರೆಗೆ ಮಣ್ಣುರಸ್ತೆ. ಮೊಬೈಲ್ ಸಿಗ್ನಲ್ ಇಲ್ಲ, ವೈಫೈ ಇದೆ. ಅಪ್ಪಯ್ಯನಿಗೆ ಎಂಟು ವರ್ಷದಿಂದ ಬಿಪಿ, ಶುಗರ್. ಆಯಿಗೆ ಮಂಡಿನೋವು. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರಿಸಿ ನುಂಗುತ್ತಾಳೆ, ಅಪ್ಪಯ್ಯನೂ ಆಗಾಗ ಅದನ್ನೇ ತೆಗೆದುಕೊಳ್ಳುತ್ತಾನೆ. ಹೋದ ತಿಂಗಳು ಪಕ್ಕದ ಮನೆಯವರಿಗೆ ರಾತ್ರಿ ಹನ್ನೊಂದಕ್ಕೆ ಎದೆ ಉರಿ ಶುರುವಾಯಿತು. ಗ್ಯಾಸ್ ಅಂದುಕೊಂಡು ಜೀರಿಗೆ ಕಷಾಯ ಕುಡಿದು ಮಲಗಿದರು. ಬೆಳಗಿನ ಜಾವ ನಾಲ್ಕಕ್ಕೆ ತಡೆಯಲಾಗದೆ ಕಾರಿನಲ್ಲಿ ಸೀದಾ ಮಣಿಪಾಲಕ್ಕೆ ಹೊರಟರು. ಕುಂದಾಪುರ ದಾಟುವುದರೊಳಗೆ ಜೀವ ಹೋಯಿತು. 55 ವರ್ಷ ಅಷ್ಟೇ. ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ದೊಡ್ಡ ಆಸ್ಪತ್ರೆ ಇದ್ದಿದ್ದರೆ ಉಳಿಯುತ್ತಿದ್ದರು ಅಂತ ಊರೆಲ್ಲ ಮಾತು. ಸರ್ಕಾರಿ ಆಸ್ಪತ್ರೆಗೆ ಹೋದರೆ ರೆಫರ್ ಚೀಟಿ ಬರೆದು ಕಳಿಸುತ್ತಾರೆ, ಸುಮ್ನೆ ಟೈಮ್ ವೇಸ್ಟ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹೀಗಾದರೆ ಎಲ್ಲಿಗೆ ಹೋಗಬೇಕು? ನಾಲಿಗೆ ಕೆಳಗಿಡುವ ಮಾತ್ರೆ ಮನೆಯಲ್ಲಿ ಇಟ್ಟಿರಬೇಕಾ? ಅಥವಾ ಅಡಿಕೆ ತೋಟ ಗೇಣಿಗೆ ಕೊಟ್ಟು ಇಬ್ಬರನ್ನೂ ಬೆಂಗಳೂರಿಗೆ ಕರೆದುಕೊಂಡು ಬರುವುದೇ ಸರಿಯಾ?
– ಶಿರಸಿ ತಾಲೂಕಿನ ಓದುಗರು

ಉತ್ತರ: ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಈ ಜಿಲ್ಲೆಯ ತಾಲೂಕಾಸ್ಪತ್ರೆಗಳಲ್ಲಿ ಫಿಜಿಶಿಯನ್ ಆಗಿ ವರ್ಷಗಟ್ಟಲೆ ರಾತ್ರಿ ಡ್ಯೂಟಿ ಮಾಡಿದವನು ನಾನು. ಬೆಂಗಳೂರು, ಮುಂಬೈ, ದುಬೈಯಿಂದ ಮಕ್ಕಳು ಫೋನ್ ಮಾಡಿ ಕೇಳುವುದು ಇದನ್ನೇ. ನೀವು ಕೇಳಿದ್ದರಲ್ಲಿ ಮೂರು ವಿಷಯ ಕಲಸಿಕೊಂಡಿವೆ. ಆ ರಾತ್ರಿ ಎಲ್ಲಿಗೆ ಓಡಬೇಕು ಎನ್ನುವುದು ಒಂದು. ಆ ರಾತ್ರಿ ಬಾರದ ಹಾಗೆ ಏನು ಮಾಡಬಹುದು ಎನ್ನುವುದು ಇನ್ನೊಂದು. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಯಾಕಿಲ್ಲ ಎನ್ನುವುದು ಮೂರನೆಯದು. ಊರ ಕಟ್ಟೆಯ ಮೇಲೆ ಮೂರನೆಯದರ ಮಾತೇ ಜಾಸ್ತಿ. ನಿಮ್ಮ ಅಪ್ಪಯ್ಯನ ಮಟ್ಟಿಗೆ ಮೊದಲ ಎರಡೇ ಮುಖ್ಯ.

ನೆರೆಮನೆಯವರ ವಿಷಯ ನೋಡೋಣ. ಅವರು ಖಂಡಿತ ಉಳಿಯುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಅವರನ್ನು ನಾನು ನೋಡಿಲ್ಲ, ಇಸಿಜಿಯೂ ಆಗಿಲ್ಲ. ಆದರೆ ನೀವು ಬರೆದ ಸಮಯಗಳನ್ನು ಇನ್ನೊಮ್ಮೆ ನೋಡಿ. ಹನ್ನೊಂದರಿಂದ ನಾಲ್ಕರವರೆಗೆ, ಅಂದರೆ ಐದು ತಾಸು, ಮನೆಯಲ್ಲೇ ಕಳೆಯಿತು. ಆಮೇಲೆ ಶಿರಸಿ, ಕುಮಟಾ, ಹೊನ್ನಾವರ, ಭಟ್ಕಳ ದಾಟಿದರು. ನಾಲ್ಕು ಕಡೆಯೂ ಸರ್ಕಾರಿ ಆಸ್ಪತ್ರೆ ಇದೆ, ಇಸಿಜಿ ಮೆಷಿನ್ ಇದೆ. ಕಾರು ಒಂದು ಕಡೆಯೂ ನಿಲ್ಲಲಿಲ್ಲ. ಮನೆಯವರ ತಪ್ಪು ಅಂತ ಇದನ್ನು ಹೇಳುತ್ತಿಲ್ಲ. ‘ಸೀದಾ ಮಣಿಪಾಲ’ ಎನ್ನುವುದು ಇಡೀ ಜಿಲ್ಲೆಗೆ ರೂಢಿಯಾಗಿದೆ. ಆ ಗಾಬರಿಯಲ್ಲಿ ಯಾರಿದ್ದರೂ ಬಹುಶಃ ಹಾಗೆಯೇ ಮಾಡುತ್ತಿದ್ದರು.

ಹಾರ್ಟ್ ಅಟ್ಯಾಕ್ ಅಂದರೆ ಹೃದಯದ ಮಾಂಸಖಂಡಕ್ಕೆ ರಕ್ತ ಕೊಡುವ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಕಟ್ಟಿಕೊಳ್ಳುವುದು. ತೋಟದ ಕಾಲುವೆಗೆ ಕಸ ಸಿಕ್ಕಿ ನೀರು ನಿಂತ ಹಾಗೆ. ಆಚೆಗಿನ ಭಾಗ ಒಂದೇ ಏಟಿಗೆ ಸಾಯುವುದಿಲ್ಲ, ಹೊತ್ತು ಹೋದಂತೆ ಸ್ವಲ್ಪ ಸ್ವಲ್ಪವೇ ಸಾಯುತ್ತದೆ. ದಾರಿ ತೆರೆಯಲು ಎರಡು ಉಪಾಯ. ಒಂದು ಆಂಜಿಯೋಪ್ಲಾಸ್ಟಿ, ಅಂದರೆ ರಕ್ತನಾಳದೊಳಗೆ ಸಣ್ಣ ನಳಿಗೆ ಬಿಟ್ಟು ಬಲೂನಿನಿಂದ ದಾರಿ ಬಿಡಿಸುವುದು. ಅದಕ್ಕೆ ಕ್ಯಾಥ್ ಲ್ಯಾಬ್ ಎಂಬ ವಿಶೇಷ ಕೋಣೆ ಬೇಕು, ಹೃದಯ ತಜ್ಞರು ಬೇಕು. ಇನ್ನೊಂದು ಹೆಪ್ಪು ಕರಗಿಸುವ ಇಂಜೆಕ್ಷನ್. ಅದಕ್ಕೆ ಇಸಿಜಿ ತೆಗೆದು ಓದುವವರು, ಒಂದು ಮಾನಿಟರ್, ಜೊತೆಗೆ ಡ್ಯೂಟಿ ಡಾಕ್ಟರಿಗೆ ಧೈರ್ಯ, ಇಷ್ಟಿದ್ದರೆ ಸಾಕು.

ಎರಡರಲ್ಲಿ ಆಂಜಿಯೋಪ್ಲಾಸ್ಟಿಯೇ ಮೇಲು, ಅನುಮಾನವಿಲ್ಲ. ಆದರೆ ಒಂದು ಷರತ್ತಿದೆ. ಇಸಿಜಿಯಲ್ಲಿ ಗೊತ್ತಾದ ಮೇಲೆ 120 ನಿಮಿಷದ ಒಳಗೆ ಅದು ಆಗಬೇಕು. ಅಷ್ಟರಲ್ಲಿ ಕ್ಯಾಥ್ ಲ್ಯಾಬ್ ತಲುಪುವ ಹಾಗಿಲ್ಲದಿದ್ದರೆ ಮೊದಲು ಇಂಜೆಕ್ಷನ್ ಕೊಡಿ, ಆಮೇಲೆ ಕಳಿಸಿ ಎಂದು ಹೃದ್ರೋಗ ವೈದ್ಯರ ಮಾರ್ಗಸೂಚಿಗಳೇ ಹೇಳುತ್ತವೆ. ಈಗ ನಿಮ್ಮ ಊರಿನ ಲೆಕ್ಕ ಹಾಕಿ. ಮನೆಯಿಂದ ಶಿರಸಿಗೆ ರಾತ್ರಿ ಹೊತ್ತು ಒಂದು ತಾಸು. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿ.ಮೀ. ಆಸುಪಾಸು, ಎರಡೂವರೆ ತಾಸು ಹಿಡಿಯಿರಿ. ಮಣಿಪಾಲಕ್ಕೆ ನಾಲ್ಕು ತಾಸು. ತಲುಪಿದ ಮೇಲೆ ಟೇಬಲ್ ಮೇಲೆ ಮಲಗಿಸುವವರೆಗೆ ಇನ್ನೊಂದಿಷ್ಟು ಹೊತ್ತು. ಎಷ್ಟು ಜೋರಾಗಿ ಕಾರು ಓಡಿಸಿದರೂ 120 ನಿಮಿಷಕ್ಕೆ ಆಗದು.

ಇಂಜೆಕ್ಷನ್ ಮೊದಲ ಮೂರು ತಾಸಿನಲ್ಲಿ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹನ್ನೆರಡು ತಾಸಿನವರೆಗೂ ಕೊಡುವುದುಂಟು, ಆದರೆ ತಡವಾದಷ್ಟೂ ಲಾಭ ಕಡಿಮೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಎದೆನೋವಿಗೆ ಮೊದಲು ಶಿರಸಿ, ಆಮೇಲೆ ಹುಬ್ಬಳ್ಳಿಯೋ ಮಣಿಪಾಲವೋ. ಶಿರಸಿಯಲ್ಲಿ ಸರ್ಕಾರಿಯೋ ಖಾಸಗಿಯೋ ಎನ್ನುವ ಚರ್ಚೆ ನನಗೆ ಮುಖ್ಯವಲ್ಲ. ರಾತ್ರಿ ಎರಡು ಗಂಟೆಗೂ ಇಸಿಜಿ ತೆಗೆದು, ಬೇಕಾದರೆ ಅಲ್ಲೇ ಇಂಜೆಕ್ಷನ್ ಕೊಡುವ ಜಾಗ ಯಾವುದು ಅಂತ ಮೊದಲೇ ಗೊತ್ತಿರಬೇಕು, ಅಷ್ಟೇ.

‘ರೆಫರ್ ಚೀಟಿ ಬರೆದು ಕಳಿಸುತ್ತಾರೆ’ ಎನ್ನುವ ದೂರು ಪೂರ್ತಿ ಸುಳ್ಳಲ್ಲ. ಹಿಂದೆ ಹಾಗೇ ಇತ್ತು, ಈಗಲೂ ಕೆಲವು ಕಡೆ ಆಗುತ್ತದೆ. ಇಂಜೆಕ್ಷನ್ ದುಬಾರಿ. ಕೊಟ್ಟ ಮೇಲೆ ರೋಗಿಗೆ ಏನಾದರೂ ಆದರೆ ಜನ ಆಸ್ಪತ್ರೆಗೆ ನುಗ್ಗುತ್ತಾರೆ ಎಂಬ ಭಯ. ಎಂಬಿಬಿಎಸ್ ಮುಗಿಸಿ ಬಂದ ಹುಡುಗ ಡಾಕ್ಟರ್ ರಾತ್ರಿ ಒಬ್ಬನೇ ಇದ್ದರೆ ಕಳಿಸಿಬಿಡುವುದೇ ಅವನಿಗೆ ಸುಲಭ. ಈ ಕೊರತೆ ತುಂಬಲೆಂದೇ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲೂಕಾಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ದೊಡ್ಡ ಆಸ್ಪತ್ರೆಯ ತಜ್ಞರು ಆ ಕ್ಷಣವೇ ನೋಡುತ್ತಾರೆ. ಹೃದಯಾಘಾತ ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ ಇಂಜೆಕ್ಷನ್ ಅಲ್ಲೇ, ದುಡ್ಡಿಲ್ಲದೆ ಕೊಡುತ್ತಾರೆ. ಹೊರಗೆ ಕೊಂಡರೆ ಸಾವಿರಗಟ್ಟಲೆ ರೂಪಾಯಿ. ಮುಂದಿನ ಸಲ ಊರಿಗೆ ಬಂದಾಗ ಹಗಲು ಹೊತ್ತಿನಲ್ಲಿ ತಾಲೂಕಾಸ್ಪತ್ರೆಗೆ ಹೋಗಿ ಕ್ಯಾಶುಯಾಲ್ಟಿಯಲ್ಲಿ ಕೇಳಿ: ‘ಆ ಇಂಜೆಕ್ಷನ್ ಸ್ಟಾಕ್ ಇದೆಯಾ? ರಾತ್ರಿಯೂ ಕೊಡ್ತೀರಾ?’ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಖಾಸಗಿ ಆಸ್ಪತ್ರೆಯಲ್ಲೂ ಇದನ್ನೇ ಕೇಳಿ.

ಇಂಜೆಕ್ಷನ್‌ನ ಅಪಾಯವೂ ಗೊತ್ತಿರಲಿ. ಸುಮಾರು ನೂರಕ್ಕೆ ಒಬ್ಬರಿಗೆ ಮೆದುಳಲ್ಲಿ ರಕ್ತಸ್ರಾವ ಆಗಬಹುದು. ಇತ್ತೀಚೆಗೆ ಲಕ್ವ ಹೊಡೆದಿದ್ದರೆ, ದೊಡ್ಡ ಆಪರೇಷನ್ ಆಗಿದ್ದರೆ, ಹೊಟ್ಟೆಯಲ್ಲಿ ರಕ್ತ ಒಸರುತ್ತಿದ್ದರೆ ಕೊಡುವುದಿಲ್ಲ. ಬಿಪಿ ತೀರಾ ಮೇಲಿದ್ದರೆ ಮೊದಲು ಅದನ್ನು ಇಳಿಸಬೇಕು. ಇನ್ನೊಂದು ವಿಷಯ, ಸುಮಾರು ಮೂರರಲ್ಲಿ ಒಬ್ಬರಿಗೆ ಇಂಜೆಕ್ಷನ್ ಕೊಟ್ಟರೂ ದಾರಿ ಸರಿಯಾಗಿ ತೆರೆಯುವುದಿಲ್ಲ. ಒಂದು, ಒಂದೂವರೆ ತಾಸಿನ ನಂತರ ಮತ್ತೊಂದು ಇಸಿಜಿ ತೆಗೆದಾಗ ಅದು ತಿಳಿಯುತ್ತದೆ. ಅಂಥವರನ್ನು ತಡಮಾಡದೆ ಕ್ಯಾಥ್ ಲ್ಯಾಬಿಗೆ ಒಯ್ಯಬೇಕು. ತೆರೆದವರಿಗೂ ಒಂದು ದಿನದೊಳಗೆ ಆಂಜಿಯೋಗ್ರಾಂ (ಹೃದಯದ ರಕ್ತನಾಳಗಳ ಚಿತ್ರ) ಮಾಡಿಸುವುದು ಒಳ್ಳೆಯದು. ಅಂದರೆ ಮಣಿಪಾಲ, ಹುಬ್ಬಳ್ಳಿ ತಪ್ಪಿದ್ದಲ್ಲ. ಮೊದಲು ಶಿರಸಿಯಲ್ಲಿ ನಿಂತು ಹೊರಟರೆ ಇಂಜೆಕ್ಷನ್ ಪಡೆದು, ಡ್ರಿಪ್ ಹಾಕಿಸಿಕೊಂಡು, ಆಂಬುಲೆನ್ಸಿನಲ್ಲಿ ಹೋಗುತ್ತೀರಿ. ಹೃದಯಾಘಾತದ ಮೊದಲ ತಾಸುಗಳಲ್ಲಿ ಹೃದಯದ ಬಡಿತ ಇದ್ದಕ್ಕಿದ್ದ ಹಾಗೆ ತಾಳ ತಪ್ಪಿ ನಿಂತುಬಿಡುವುದುಂಟು. ಡಿಫಿಬ್ರಿಲೇಟರ್ ಇರುವ ಆಂಬುಲೆನ್ಸಾದರೆ ಶಾಕ್ ಕೊಟ್ಟು ಎಬ್ಬಿಸಬಹುದು. ಸ್ವಿಫ್ಟ್ ಕಾರಿನ ಹಿಂದಿನ ಸೀಟಿನಲ್ಲಿ ಅದು ಆಗದು.

ಇನ್ನು ಗ್ಯಾಸ್. ಈ ಜಿಲ್ಲೆಯಲ್ಲಿ ಗ್ಯಾಸಿನ ಹೆಸರಿನಲ್ಲಿ ಕಳೆದುಹೋದ ತಾಸುಗಳಿಗೆ ಲೆಕ್ಕವಿಲ್ಲ. ಹೃದಯದ ಕೆಳಭಾಗಕ್ಕೆ ಪೆಟ್ಟು ಬಿದ್ದಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಬಹುದು. ತೇಗು, ವಾಂತಿ ಎಲ್ಲ ಇರಬಹುದು. ಕಷಾಯ ಕುಡಿದು ತೇಗು ಬಂದು ಸ್ವಲ್ಪ ಹಗುರಾಯಿತು ಅಂದರೆ ಅದು ಗ್ಯಾಸೇ ಎಂದು ಅರ್ಥವಲ್ಲ. ನಾನು ನೋಡುವುದು ಬೆವರು. ಮಳೆಗಾಲದ ಚಳಿಯಲ್ಲಿ, ಕುಳಿತಲ್ಲೇ, ಅಂಗಿ ಒದ್ದೆಯಾಗುವಷ್ಟು ತಣ್ಣನೆಯ ಬೆವರು ಬಂದರೆ ಚರ್ಚೆ ಬೇಡ, ಗಾಡಿ ಹತ್ತಿಸಿ. ಎದೆ ಹಿಂಡಿದ ಹಾಗೆ ಆಗುವುದು, ದವಡೆಗೋ ಎಡಗೈಗೋ ನೋವು ಹರಿಯುವುದು, ಉಸಿರು ಕಟ್ಟುವುದು, ಇವೂ ಹಾಗೇ. ನಿಮ್ಮ ಅಪ್ಪಯ್ಯನಿಗೆ ಶುಗರ್ ಇದೆ. ಶುಗರ್ ಹಳೆಯದಾದವರಿಗೆ ನರ ಮಂಕಾಗಿ ನೋವೇ ಗೊತ್ತಾಗದಿರಬಹುದು. ಬರೀ ಸುಸ್ತು, ಬರೀ ದಮ್ಮು ಅಷ್ಟೇ ಇರಬಹುದು. ಹೆಂಗಸರಲ್ಲೂ ಹೀಗಾಗುವುದು ಜಾಸ್ತಿ. ಆಯಿಯಂದಿರು ಅದನ್ನೂ ಹೇಳದೆ ಅಡುಗೆ ಮುಗಿಸುತ್ತಾರೆ, ಆ ಮಾತು ಬೇರೆ.

ಮೊದಲ ಇಸಿಜಿ ಸರಿಯಾಗಿ ಬಂತು ಅಂತ ಎದ್ದು ಮನೆಗೆ ಹೋಗಬೇಡಿ. ಶುರುವಿನಲ್ಲಿ ಇಸಿಜಿ ಮಾಮೂಲಾಗಿಯೇ ಇರಬಹುದು. ನೋವು ಇದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು. ಟ್ರೋಪೊನಿನ್ ಎಂಬ ರಕ್ತಪರೀಕ್ಷೆಯೂ ಕೆಲವು ತಾಸು ಕಳೆದ ಮೇಲೇ ಸರಿಯಾಗಿ ತೋರಿಸುವುದು. ‘ಇನ್ನೊಂದು ಸಲ ತೆಗೀತೀರಾ ಡಾಕ್ಟ್ರೇ’ ಅಂತ ಕೇಳಲು ಸಂಕೋಚ ಬೇಡ.

ನಾಲಿಗೆ ಕೆಳಗಿಡುವ ಮಾತ್ರೆ, ಅಂದರೆ ಸಾರ್ಬಿಟ್ರೇಟ್, ಮೊದಲೇ ಹೃದಯದ ತೊಂದರೆ ಇದ್ದು ಡಾಕ್ಟರು ಬರೆದುಕೊಟ್ಟವರಿಗೆ ಮಾತ್ರ. ಅದು ಹೆಪ್ಪು ಕರಗಿಸುವುದಿಲ್ಲ, ರಕ್ತನಾಳ ಹಿಗ್ಗಿಸಿ ನೋವು ತಗ್ಗಿಸುತ್ತದೆ ಅಷ್ಟೇ. ಬಿಪಿ ಇಳಿದಿರುವವರಿಗೆ ಕೊಟ್ಟರೆ ಅಲ್ಲೇ ಕುಸಿದು ಬೀಳಬಹುದು. ವಯಾಗ್ರದಂಥ ಮಾತ್ರೆ ತೆಗೆದುಕೊಂಡವರಿಗಂತೂ ಕೊಡಲೇಬಾರದು. ಮನೆಯಲ್ಲಿ ಇಡಬೇಕಾದ್ದು ಅಸ್ಪಿರಿನ್. 300 ಮಿಲಿಗ್ರಾಂ, ಜಗಿದು ನುಂಗಬೇಕು. 75ರ ಮಾತ್ರೆಯಾದರೆ ನಾಲ್ಕು, 150ರದ್ದಾದರೆ ಎರಡು. ಈ ಅಗ್ಗದ ಮಾತ್ರೆಯೊಂದೇ ಹೃದಯಾಘಾತದಲ್ಲಿ ಸಾವಿನ ಅಪಾಯವನ್ನು ಸುಮಾರು ನಾಲ್ಕನೇ ಒಂದು ಪಾಲು ತಗ್ಗಿಸುತ್ತದೆ ಎಂಬುದು 1988ರಷ್ಟು ಹಿಂದೆಯೇ ಗೊತ್ತಾಗಿದೆ. ಅಲ್ಸರ್, ರಕ್ತಸ್ರಾವ, ಅಸ್ಪಿರಿನ್ ಅಲರ್ಜಿ ಇದ್ದವರಿಗೆ ಮಾತ್ರ ಬೇಡ. ಅಪ್ಪಯ್ಯನನ್ನು ನೋಡುವ ಡಾಕ್ಟರಲ್ಲಿ ಈಗಲೇ ಕೇಳಿ, ಮಾತ್ರೆಯ ಸ್ಟ್ರಿಪ್ ಮೇಲೆ ದೊಡ್ಡ ಅಕ್ಷರದಲ್ಲಿ ‘ಎದೆನೋವಿಗೆ’ ಅಂತ ಬರೆದು ಇಟ್ಟುಬಿಡಿ.

ಆದರೆ ‘ಮೊದಲು ಶಿರಸಿ’ ಎನ್ನುವ ಸೂತ್ರ ಎಲ್ಲದಕ್ಕೂ ಒಂದೇ ಅಲ್ಲ. ಲಕ್ವ ಹೊಡೆದಾಗ ಲೆಕ್ಕ ಬೇರೆ. ಬಾಯಿ ಒಂದು ಕಡೆ ಸೊಟ್ಟಗಾಗುವುದು, ಕೈ ಎತ್ತಲಾಗದಿರುವುದು, ಮಾತು ತೊದಲುವುದು ಅದರ ಗುರುತು. ಅದಕ್ಕೂ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ನಾಲ್ಕೂವರೆ ತಾಸಿನ ಒಳಗೆ, ಅದೂ ತಲೆಯ ಸಿಟಿ ಸ್ಕ್ಯಾನ್ ಆದ ಮೇಲೆ. ಲಕ್ವ ಹೆಪ್ಪಿನಿಂದಲೂ ಆಗಬಹುದು, ರಕ್ತಸ್ರಾವದಿಂದಲೂ ಆಗಬಹುದು. ಸ್ಕ್ಯಾನ್ ಇಲ್ಲದೆ ಹೇಳಲಾಗದು. ಆದ್ದರಿಂದ ಅಸ್ಪಿರಿನ್ ಕೊಡಬೇಡಿ. ರಾತ್ರಿಯೂ ಸಿಟಿ ಮೆಷಿನ್ ನಡೆಯುವ ಹತ್ತಿರದ ಆಸ್ಪತ್ರೆಗೇ ಸೀದಾ ಹೋಗಿ. ಅದು ಯಾವುದು ಎಂಬುದನ್ನೂ ಈಗಲೇ ವಿಚಾರಿಸಿ ಇಡಿ.

ಹಾವು ಕಚ್ಚಿದರೆ ಮತ್ತೆ ಹತ್ತಿರದ ಆಸ್ಪತ್ರೆಯೇ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಕ್ಕೆ ಸುತ್ತುವುದು ಬೇಡ. ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಇಟ್ಟು ಹೊರಡಿ. ನಾಗರ, ಕಟ್ಟುಹಾವು, ಕೊಳಕುಮಂಡಲಗಳ ವಿಷಕ್ಕೆ ಪ್ರತಿವಿಷ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ. 2024ರಿಂದ ರಾಜ್ಯದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಇನ್ನು ಡಿಸೆಂಬರ್‌ನಿಂದ ಮೇವರೆಗೆ ಜೋರು ಜ್ವರ, ಮೈಕೈ ನೋವು ಬಂದರೆ, ಸೊಪ್ಪಿನ ಬೆಟ್ಟಕ್ಕೆ ದರಕು (ಒಣ ಎಲೆ) ತರಲು ಹೋಗಿದ್ದೆ, ಉಣುಗು (ಉಣ್ಣೆ) ಕಚ್ಚಿತ್ತು ಅಂತ ಡಾಕ್ಟರಿಗೆ ತಾನಾಗಿ ಹೇಳಬೇಕು. ಸಿದ್ದಾಪುರ, ಹೊನ್ನಾವರ ಕಡೆ ಉಣುಗಿನಿಂದ ಬರುವ ಮಂಗನ ಕಾಯಿಲೆ ಹೊಸದಲ್ಲ. ಅದಕ್ಕೆಂದೇ ಔಷಧ ಇಲ್ಲ, ಹಳೆಯ ಲಸಿಕೆಯನ್ನೂ ನಿಲ್ಲಿಸಿದ್ದಾರೆ. ಬೇಗ ಗುರುತಿಸಿ ನಿಗಾ ಇಡುವುದೇ ದಾರಿ.

ಈಗ ದೊಡ್ಡ ಆಸ್ಪತ್ರೆಯ ಮಾತು. 2022ರ ಜುಲೈ 20ರಂದು ಹೊನ್ನಾವರದಿಂದ ಉಡುಪಿ ಕಡೆ ಹೊರಟ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಸಿಸಿಟಿವಿಯ ಆ ವಿಡಿಯೋ ನೋಡದವರಿಲ್ಲ. ‘ಆಸ್ಪತ್ರೆ ಇಲ್ಲದಿದ್ದರೆ ಓಟಿಲ್ಲ’ ಎಂಬ ಕೂಗು ಎದ್ದದ್ದು ಆಗಲೇ. ಆ ಬೇಡಿಕೆ ನ್ಯಾಯವಾದದ್ದು. ಹೆದ್ದಾರಿ 66ರಲ್ಲಿ ಅಪಘಾತವಾಗಿ ತಲೆಗೆ ಪೆಟ್ಟು ಬಿದ್ದವರಿಗೆ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಬೇಕಾದವರಿಗೆ ದೂರ ಎನ್ನುವುದೇ ಶತ್ರು. ಅಂಥವರಿಗೆ ದೊಡ್ಡ ಆಸ್ಪತ್ರೆ ಬೇಕೇ ಬೇಕು.

ಆದರೆ ಎಲ್ಲಿ? ಇಲ್ಲೇ ನಮ್ಮ ಜಿಲ್ಲೆಯ ತೊಡಕು. 10,291 ಚದರ ಕಿ.ಮೀ., ಹನ್ನೆರಡು ತಾಲೂಕು, ಹೆಚ್ಚುಕಡಿಮೆ ನೂರಕ್ಕೆ 80 ಭಾಗ ಕಾಡು. ವೈದ್ಯಕೀಯ ಕಾಲೇಜು ಕಾರವಾರದಲ್ಲಿದೆ, ಅಂದರೆ ಜಿಲ್ಲೆಯ ಒಂದು ಮೂಲೆಯಲ್ಲಿ. ಭಟ್ಕಳದವರಿಗೆ ಕಾರವಾರಕ್ಕಿಂತ ಮಣಿಪಾಲ ಹತ್ತಿರ. ಮುಂಡಗೋಡದವರಿಗೆ ಹುಬ್ಬಳ್ಳಿ, ಹಳಿಯಾಳದವರಿಗೆ ಧಾರವಾಡ. ಕಾರವಾರದವರೇ ಗೋವಾಕ್ಕೆ ಹೋಗುತ್ತಾರೆ. ಕುಮಟಾದಲ್ಲಿ ಕಟ್ಟಿದರೆ ಕರಾವಳಿಗೆ ಅನುಕೂಲ, ಜೋಯಿಡಾದವರಿಗೆ ಏನೂ ಬದಲಾಗುವುದಿಲ್ಲ. ನಿಮ್ಮ ಊರಿನವರಿಗೂ ಮಳೆಗಾಲದಲ್ಲಿ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟ ತೆರೆದಿದೆಯಾ ಅಂತ ಕೇಳಿಕೊಂಡೇ ಹೊರಡಬೇಕು. 2024ರ ಜುಲೈ 16ರಂದು ಗುಡ್ಡ ಕುಸಿದಾಗ ಹೆದ್ದಾರಿಯೇ ದಿನಗಟ್ಟಲೆ ಬಂದಾಗಿತ್ತಲ್ಲ. ಅದೂ ಒಂದು ಶಿರೂರು, ಅಂಕೋಲಾದ್ದು.

ಸರ್ಕಾರದ ಲೆಕ್ಕಾಚಾರದಲ್ಲೇ ಒಂದು ಸಿಕ್ಕಿದೆ. ಪ್ರಾಥಮಿಕ ಆರೋಗ್ಯ ಕೇಂದ್ರವನ್ನು (ಪಿಎಚ್‌ಸಿ) ಜನರ ಸಂಖ್ಯೆ ನೋಡಿ ಕೊಡುತ್ತಾರೆ. ಬಯಲಿನಲ್ಲಿ 30 ಸಾವಿರಕ್ಕೆ ಒಂದು, ಗುಡ್ಡಗಾಡಿನಲ್ಲಿ 20 ಸಾವಿರಕ್ಕೆ ಒಂದು. ರಿಯಾಯಿತಿ ಅನ್ನಿಸುತ್ತದೆ ಅಲ್ವಾ? 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಚದರ ಕಿ.ಮೀ.ಗೆ 319 ಜನ, ನಮ್ಮ ಜಿಲ್ಲೆಯಲ್ಲಿ 140. ಬಯಲಿನ 30 ಸಾವಿರ ಜನ ಸುಮಾರು 95 ಚದರ ಕಿ.ಮೀ.ನಲ್ಲಿ ಸಿಗುತ್ತಾರೆ. ನಮ್ಮ 20 ಸಾವಿರ ಜನ ಸಿಗಲು 140ಕ್ಕೂ ಜಾಸ್ತಿ ಬೇಕು. ಅದೂ ಪೇಟೆಗಳನ್ನು ಸೇರಿಸಿದ ಸರಾಸರಿ. ಘಟ್ಟದ ಅಂಚಿಗೆ ಬಂದರೆ ಇನ್ನೂ ದೂರ. ಕಾಲುಸಂಕ (ಹಳ್ಳ ದಾಟುವ ಮರದ ಸೇತುವೆ) ಕೊಚ್ಚಿಹೋದ ಕಡೆ ರೋಗಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ಟಾರ್ ರಸ್ತೆಗೆ ತರುವ ಹೊತ್ತು ಯಾವ ಲೆಕ್ಕಕ್ಕೂ ಬರುವುದಿಲ್ಲ. ತಜ್ಞರು ನಿಲ್ಲದಿರುವುದಕ್ಕೂ ಇದರದ್ದೇ ನಂಟು. ಕ್ಯಾಥ್ ಲ್ಯಾಬ್ ಹಗಲು ರಾತ್ರಿ ನಡೆಯಲು ಒಬ್ಬ ಹೃದಯ ತಜ್ಞ ಸಾಲದು, ಪಾಳಿಗೆ ಮೂರ್ನಾಲ್ಕು ಜನ ಬೇಕು. ಕೈ ಪಳಗಿರಲು ಅವರಿಗೆ ಸಾಕಷ್ಟು ಕೇಸೂ ಬೇಕು. ಕಟ್ಟಡ ಕಟ್ಟಿ ಬೋರ್ಡ್ ಹಾಕಿದ ಮೇಲೆ ಎದುರಾಗುವ ಸಮಸ್ಯೆ ಇದು. ನನ್ನನ್ನು ಕೇಳಿದರೆ, ದೊಡ್ಡ ಆಸ್ಪತ್ರೆಗೆ ಹೋರಾಡುವವರು ಅದೇ ಉಸಿರಿನಲ್ಲಿ ಪ್ರತಿ ತಾಲೂಕಾಸ್ಪತ್ರೆಗೂ ರಾತ್ರಿ ಫಿಜಿಶಿಯನ್, ಅರಿವಳಿಕೆ ತಜ್ಞ, ಸುಸ್ಥಿತಿಯ ಆಂಬುಲೆನ್ಸ್ ಕೇಳಬೇಕು. ಅದಕ್ಕೆ ಉದ್ಘಾಟನೆಯ ರಿಬ್ಬನ್ ಇಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ.

ನಿಮ್ಮ ಮನೆಗೆ ಬರೋಣ. ಆ ರಾತ್ರಿ ಬಾರದಿರಲಿ ಅಂತಾದರೆ ಬಿಪಿ, ಶುಗರ್ ಹಿಡಿತದಲ್ಲಿರಬೇಕು. ‘ತೋಟದಲ್ಲಿ ಓಡಾಡುವವರಿಗೆ, ಒಳ್ಳೆ ಗಾಳಿ ಕುಡಿಯುವವರಿಗೆ ಏನಾಗುತ್ತೆ’ ಎನ್ನುವ ನಂಬಿಕೆ ನಮ್ಮ ಕಡೆ ಬಲವಾಗಿದೆ. ಆದರೆ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಕರಾವಳಿಯಲ್ಲಾದರೆ ಒಣಮೀನು, ಎಲ್ಲದರಲ್ಲೂ ಉಪ್ಪು. ದಿನಕ್ಕೆ ಐದು ಗ್ರಾಂ ಒಳಗೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚ, ಎಲ್ಲ ಸೇರಿ. ಕವಳದ (ಎಲೆಯಡಿಕೆಯ) ಜೊತೆ ತಂಬಾಕು ಹಾಕುವವರಾದರೆ ಅದು ಹೃದಯಕ್ಕೂ ಕೇಡು, ಬಾಯಿಗೂ ಕೇಡು. ಅಡಿಕೆಯೊಂದೇ ಆದರೂ ಕ್ಯಾನ್ಸರ್‌ಕಾರಕ ಎಂದು ಅದೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. ಶಿರಸಿಯಲ್ಲಿ ಈ ಮಾತು ಆಡಿದರೆ ಕಾಫಿ ಕೊಡುವುದಿಲ್ಲ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ.

ನಾನು ಅತಿ ಜಾಸ್ತಿ ಕಂಡ ತಪ್ಪು ಎಂದರೆ ಬಿಪಿ ಸರಿಯಾಯಿತು ಅಂತ ಮಾತ್ರೆ ಬಿಡುವುದು. ಸರಿಯಾಗಿರುವುದೇ ಮಾತ್ರೆಯಿಂದ. ಕೊಯ್ಲಿನ ಗಡಿಬಿಡಿಯಲ್ಲಿ ಪೇಟೆಗೆ ಹೋಗಲಾಗದೆ ಮಾತ್ರೆ ಮುಗಿದು, ಹದಿನೈದು ದಿನ ಹಾಗೇ ಕಳೆದು, ಆಮೇಲೆ ಲಕ್ವ ಹೊಡೆಸಿಕೊಂಡು ಬಂದವರನ್ನು ನೋಡಿದ್ದೇನೆ. ಬಿಪಿ, ಶುಗರಿನ ಮಾಮೂಲಿ ಮಾತ್ರೆಗಳು ಪಿಎಚ್‌ಸಿಯಲ್ಲಿ ಬಿಟ್ಟಿ ಸಿಗುತ್ತವೆ. ಊರಿನ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇದ್ದರೆ ಅಲ್ಲೇ ಬಿಪಿ ನೋಡುತ್ತಾರೆ, ಇ-ಸಂಜೀವಿನಿಯಲ್ಲಿ ವಿಡಿಯೋ ಮೂಲಕ ಡಾಕ್ಟರನ್ನೂ ಮಾತಾಡಿಸುತ್ತಾರೆ. ಮನೆಯಲ್ಲೂ ತೋಳಿಗೆ ಕಟ್ಟುವ ಬಿಪಿ ಮೆಷಿನ್ ಒಂದಿರಲಿ. 140/90ರ ಮೇಲೆ ಹೋಗಬಾರದು. ಶುಗರ್ ಇರುವ ಅಪ್ಪಯ್ಯನಿಗೆ 130/80ರ ಹತ್ತಿರ ಇದ್ದರೆ ಒಳ್ಳೆಯದು. ಕೊಲೆಸ್ಟ್ರಾಲ್ ಮಾತ್ರೆ ಬೇಕೇ ಎಂದೂ ಡಾಕ್ಟರಲ್ಲಿ ಕೇಳಿ. ಈ ವಯಸ್ಸಿಗೆ, ಎಂಟು ವರ್ಷದ ಶುಗರಿಗೆ ಸಾಮಾನ್ಯವಾಗಿ ಬೇಕಾಗುತ್ತದೆ.

ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಬಿದ್ದದ್ದು ಆ ನೋವಿನ ಮಾತ್ರೆ. ಡೈಕ್ಲೋಫೆನಾಕ್ ಥರದ್ದಿರಬೇಕು. ಅದು ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತದೆ, ಬಿಪಿ ಏರಿಸುತ್ತದೆ, ಬಿಪಿ ಮಾತ್ರೆಯ ಕೆಲಸ ಕೆಡಿಸುತ್ತದೆ. ದಿನಾ ತೆಗೆದುಕೊಂಡರೆ ಕಿಡ್ನಿಗೆ ಪೆಟ್ಟು, ಹೃದಯಾಘಾತದ ಅಪಾಯವೂ ಜಾಸ್ತಿ. ಶುಗರ್ ಇರುವ ಅಪ್ಪಯ್ಯ ಅದನ್ನು ಮುಟ್ಟಲೇಬಾರದು. ಆಯಿಗೂ ಪ್ಯಾರಾಸಿಟಮಾಲ್, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ಹಚ್ಚುವ ಮುಲಾಮು, ಈ ದಾರಿ ಮೊದಲು ನೋಡಿ. ಇಬ್ಬರಿಗೂ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಒಂದು ಸಲ ಮಾಡಿಸಿ. ಇದನ್ನು ಈ ವಾರವೇ ಮಾಡಿ, ಉಳಿದದ್ದು ನಿಧಾನಕ್ಕಾದರೂ ಪರವಾಗಿಲ್ಲ.

ಬೆಂಗಳೂರಿಗೆ ಕರೆತರಬೇಕಾ? ವೈದ್ಯನಾಗಿ ಹೇಳುವುದಾದರೆ, ಆಸ್ಪತ್ರೆ ಹತ್ತಿರವಿರುವುದು ಲಾಭವೇ. ಆದರೆ ದಿನವಿಡೀ ತೋಟದಲ್ಲಿ ನಡೆದವರು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಟಿವಿ ಮುಂದೆ ಕೂತರೆ ಶುಗರ್ ಏರುತ್ತದೆ, ಮನಸ್ಸು ಇಳಿಯುತ್ತದೆ. ಒತ್ತಾಯದಿಂದ ಬಂದವರು ಆರು ತಿಂಗಳಿಗೆ ವಾಪಸು ಹೋದ ಉದಾಹರಣೆ ನಿಮ್ಮ ಊರಲ್ಲೇ ಇದ್ದೀತು. ಈಗಾಗಲೇ ಹೃದಯಾಘಾತ ಆಗಿದ್ದರೆ, ಡಯಾಲಿಸಿಸ್ ಇದ್ದರೆ, ಅಥವಾ ಇಬ್ಬರಲ್ಲಿ ಒಬ್ಬರೇ ಉಳಿದರೆ ನನ್ನ ಸಲಹೆ ಬೇರೆ ಇರುತ್ತಿತ್ತು. ಈಗ ಮಧ್ಯದ ದಾರಿಯೊಂದಿದೆ. ಮಳೆ ಜೋರಿರುವ ಎರಡು ತಿಂಗಳು ಶಿರಸಿ ಪೇಟೆಯಲ್ಲಿ ನೆಂಟರ ಮನೆಯಲ್ಲೋ ಬಾಡಿಗೆ ಮನೆಯಲ್ಲೋ ಇರುವುದು. ತೊಂದರೆ ಎಂದರೆ ಅದೇ ಹೊತ್ತಿಗೆ ಅಡಿಕೆಯ ಕೊಳೆರೋಗಕ್ಕೆ ಔಷಧ ಹೊಡೆಯಬೇಕು, ಅಪ್ಪಯ್ಯ ತೋಟ ಬಿಟ್ಟು ಬರುತ್ತಾನಾ ಎಂಬುದು. ಅದನ್ನು ನೀವೇ ಮಾತಾಡಿ ನೋಡಿ.

ಊರಲ್ಲೇ ಇರುತ್ತಾರೆ ಅಂತಾದರೆ ಒಂದಿಷ್ಟು ತಯಾರಿ ಮಾಡಿ. ವೈಫೈ ಕರೆಂಟ್ ಹೋದರೆ ಸಾಯುತ್ತದೆ, ಗಾಳಿಮಳೆಯ ರಾತ್ರಿ ಮೊದಲು ಹೋಗುವುದೇ ಕರೆಂಟ್. ರೂಟರಿಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ, ಸಾವಿರ ಎರಡು ಸಾವಿರದ ವಸ್ತು. ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಡಿ. 108ಕ್ಕೆ ಹಗಲು ಒಂದು ಸಲ ವಿಚಾರಿಸಿ ಆಂಬುಲೆನ್ಸ್ ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳಿ. ಶಿರಸಿಯಿಂದಲೇ ಬರಬೇಕಾದರೆ ಕಾಯುವುದಕ್ಕಿಂತ ಕೇರಿಯ ಜೀಪಿನಲ್ಲಿ ಹೊರಟು ದಾರಿಯಲ್ಲಿ ಎದುರಾಗುವುದು ಉತ್ತಮ. ರಾತ್ರಿ ಕರೆದರೆ ಬರುವ ಇಬ್ಬರು ಡ್ರೈವರುಗಳ ಹತ್ತಿರ ಮೊದಲೇ ಮಾತಾಡಿ, ನಂಬರನ್ನು ಗೋಡೆಗೆ ಅಂಟಿಸಿ. ಅಪ್ಪಯ್ಯನಿಗೆ ಆರೋಗ್ಯವಾಗಿದ್ದಾಗಲೇ ಒಂದು ಇಸಿಜಿ ತೆಗೆಸಿ, ಅದರ ಫೋಟೋ ನಿಮ್ಮ ಫೋನಿನಲ್ಲೂ ಇರಲಿ. ಹಳೆಯದರ ಪಕ್ಕ ಇಟ್ಟು ನೋಡಿದರೆ ಹೊಸ ಬದಲಾವಣೆ ಡ್ಯೂಟಿ ಡಾಕ್ಟರಿಗೆ ಬೇಗ ಕಾಣುತ್ತದೆ.

ದುಡ್ಡಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ನೂರಕ್ಕೆ 30 ಭಾಗ, ಒಂದೂವರೆ ಲಕ್ಷದ ಮಿತಿ. ಹೃದಯಾಘಾತದಂಥ ತುರ್ತಿಗೆ ರೆಫರ್ ಚೀಟಿಗೆ ಕಾಯಬೇಕಿಲ್ಲ. ತುರ್ತಲ್ಲದ ಆಪರೇಷನ್‌ಗೆ ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕಾಗುತ್ತದೆ. ಅಡಿಕೆ ಬೆಳೆಗಾರರೆಂದರೆ ಅಪ್ಪಯ್ಯ ಬಹುಶಃ ಸೇವಾ ಸಹಕಾರಿ ಸಂಘದ ಸದಸ್ಯರಾಗಿರುತ್ತಾರೆ. ಅಂಥವರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ, ಅದರಲ್ಲೂ ವರ್ಷಕ್ಕೆ 5 ಲಕ್ಷದವರೆಗೆ. ಖಾಸಗಿ ಇನ್ಶೂರೆನ್ಸ್ ಈ ವಯಸ್ಸಿಗೆ ಕೊಂಡರೆ ಮೊದಲೇ ಇರುವ ಬಿಪಿ, ಶುಗರಿಗೆ ಮೂರು ವರ್ಷದವರೆಗೆ ಕಾಯಿಸಬಹುದು. ಕಾಯಿಲೆ ಮುಚ್ಚಿಟ್ಟು ಕೊಂಡರೆ ಕ್ಲೈಮ್ ತಿರಸ್ಕರಿಸುತ್ತಾರೆ. ಯಶಸ್ವಿನಿಯ ನೋಂದಣಿ ಮಾತ್ರ ವರ್ಷದಲ್ಲಿ ಕೆಲವೇ ತಿಂಗಳು ತೆರೆದಿರುತ್ತದೆ, ಪ್ರತಿ ವರ್ಷ ನವೀಕರಿಸಬೇಕು. ಕೊನೆಯ ದಿನಾಂಕ ಯಾವುದೆಂದು ಸಂಘದ ಕಾರ್ಯದರ್ಶಿಯವರಿಗೆ ಫೋನ್ ಮಾಡಿ ಕೇಳಿ.